ಮೂರು ಕುರ್ಚಿ: ಅಲ್ಲಿ ಯಾರು ಕೂರಬೇಕು?



ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯೋ ರಾಷ್ಟ್ರೀಯ ಮಂಡಳಿಗೆ ದಿಲ್ಲಿಯಾಗ ಯಾರನ್ನ ನೇಮಕ ಮಾಡ್ತಾರ ಅನ್ನೋದು ಕೊಪ್ಪಳದವರಿಗ್ಯಾಕ ಅಂತ ಕೇಳಬ್ಯಾಡ್ರಿ. ಕುಷ್ಟಗಿ, ಯಲಬುರ್ಗಾ, ಗಂಗಾವತಿ ರಸ್ತೆಗಳಾಗ ನಸುಕಿನ್ಯಾಗ ಓಡೋ ಹುಡುಗ್ರನ್ನ ನೋಡ್ರಿ. ಪೊಲೀಸ್ ನೇಮಕಾತಿಗೆ 1600 ಮೀಟರ್ ಓಡಬೇಕು. ಪದಕ ಬಂದ್ರೆ ಕ್ರೀಡಾ ಕೋಟಾದಾಗ ರೈಲ್ವೆ ನೌಕರಿ ಸಿಗಬಹುದು. ಹೊಲ ಇಲ್ಲದ ಮನೆ ಮಕ್ಕಳು ಓಡೋದು ಹೊಟ್ಟೆಪಾಡಿಗೆ. ಅಂಥವರೊಬ್ಬರ ಮೂತ್ರದ ಮಾದರಿ ಮೇಲೆ ತೀರ್ಪು ಕೊಡೋರು ಯಾರು ಅನ್ನೋದು ನಮ್ಮ ಪ್ರಶ್ನೆನೇ.

ಇತಿಹಾಸ ನೋಡೋಣ. 1999ರಲ್ಲಿ ಜಾಗತಿಕ ಸಂಸ್ಥೆ ವಾಡಾ ಹುಟ್ಟಿತು. ನಮ್ಮ ದೇಶದ ನಾಡಾ 2005ರಲ್ಲಿ ಒಂದು ಸೊಸೈಟಿಯಾಗಿ ನೋಂದಣಿಯಾಗಿ, 2009ರಿಂದ ಕೆಲಸ ಶುರು ಮಾಡಿತು.

ಎರಡೇ ವರ್ಷದಾಗ ದೊಡ್ಡ ಪ್ರಕರಣ ಬಂತು. ಅಶ್ವಿನಿ ಅಕ್ಕುಂಜಿ ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯ ರೈತ ಕುಟುಂಬದ ಹುಡುಗಿ. 2010ರ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದಾಗ ರಿಲೇ ಚಿನ್ನ, ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಾಗ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ. 2011ರಲ್ಲಿ ಆಕೆ, ಮನ್‌ದೀಪ್ ಕೌರ್, ಸಿನಿ ಜೋಸ್, ಒಡಿಶಾದ ಜೌನಾ ಮುರ್ಮು ಸೇರಿ ಹಲವು ಓಟಗಾರ್ತಿಯರ ಮಾದರಿಯಲ್ಲಿ ನಿಷೇಧಿತ ಸ್ಟೀರಾಯ್ಡ್ ಸಿಕ್ಕಿತು. ತರಬೇತುದಾರ ತಂದುಕೊಟ್ಟ ಜಿನ್ಸೆಂಗ್ ಮಾತ್ರೆಯಿಂದ ಬಂದದ್ದು ಅಂತ ಅವರು ಹೇಳಿದರು. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್ ಅವರನ್ನ ಸರ್ಕಾರ ತೆಗೆದುಹಾಕಿತು. ನಾಡಾದ ಶಿಸ್ತು ಸಮಿತಿ ಓಟಗಾರ್ತಿಯರಿಗೆ ಒಂದು ವರ್ಷ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಮೇಲ್ಮನವಿ ಹೋಯ್ತು. 2012ರಲ್ಲಿ ಕ್ರೀಡಾ ಪಂಚಾಯ್ತಿ ನ್ಯಾಯಾಲಯ ಅದನ್ನ ಎರಡು ವರ್ಷ ಮಾಡಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ನಿಯಮ ಏನಂದ್ರೆ, ನಿನ್ನ ಮೈಯಾಗ ಸಿಕ್ಕಿದ್ದಕ್ಕೆ ನೀನೇ ಹೊಣೆ, ಯಾರು ಕೊಟ್ಟರೂ ಸರಿ. ಈ ನಿಯಮ ಬ್ಯಾಡ ಅಂತ ನಾನು ಹೇಳೋದಿಲ್ಲ. ಮದ್ದು ಮುಟ್ಟದೆ ಓಡಿ ನಾಲ್ಕನೇ ಸ್ಥಾನಕ್ಕೆ ಬಿದ್ದ ಹುಡುಗಿನೂ ಬಡವರ ಮನೆ ಮಗಳೇ. ವಾಡಾ ಲೆಕ್ಕದ ಪ್ರಕಾರ 2023ರಲ್ಲಿ ಭಾರತ ಪರೀಕ್ಷಿಸಿದ 5,606 ಮಾದರಿಗಳಲ್ಲಿ 213ರಲ್ಲಿ ನಿಷೇಧಿತ ಮದ್ದು ಸಿಕ್ಕಿತ್ತು. ರೋಗ ಐತಿ. ಆದ್ರೆ ಮದ್ದು ಸಿಕ್ಕಿತು ಅಂತ ತೀರ್ಮಾನ ಆದ ಮೇಲೆ ಇನ್ನೊಂದು ಪ್ರಶ್ನೆ ಉಳೀತದ: ಆಕೆಯ ತಪ್ಪು ಎಷ್ಟು? ಲೇಬಲ್ ಓದಬೇಕಿತ್ತಾ, ಡಾಕ್ಟರನ್ನ ಕೇಳಬೇಕಿತ್ತಾ, ಕೋಚ್‌ಗೆ ಎದುರು ಮಾತಾಡಬೇಕಿತ್ತಾ? ಶಿಕ್ಷೆ ಹೆಚ್ಚುಕಡಿಮೆ ಆಗೋದು ಇಲ್ಲೇ. ಹಾಸ್ಟೆಲಿನಾಗ ಬೆಳೆದ ಹುಡುಗಿ ಕೋಚ್ ಮುಂದೆ ಎಷ್ಟು ಬಾಯಿ ಬಿಡಬಲ್ಲಳು ಅನ್ನೋದು ಗೊತ್ತಿರೋರು ಆ ಸಮಿತಿಯಾಗ ಇರಬೇಕಲ್ಲ?

2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆ ನಾಡಾಕ್ಕೆ ಕಾನೂನಿನ ಬಲ ಕೊಟ್ಟು, ಅದರ ಮೇಲೊಂದು ಮಂಡಳಿ ಮಾಡಿತು. ಒಬ್ಬ ಅಧ್ಯಕ್ಷ, ಇಬ್ಬರು ಸದಸ್ಯರು. ಮೂರೇ ಕುರ್ಚಿ, ಮೂರಕ್ಕೂ ನೇಮಕ ಮಾಡೋದು ಕೇಂದ್ರ ಸರ್ಕಾರ. ವಕೀಲರು, ವೈದ್ಯರು, ಕ್ರೀಡಾಪಟುಗಳ ಶಿಸ್ತು ಸಮಿತಿ ರಚಿಸೋದು ಈ ಮಂಡಳಿ. ನಾಡಾ ಸ್ವತಂತ್ರವಾಗಿರಬೇಕು ಅಂತ ವಾಡಾ ತಕರಾರು ತೆಗೆದ ಮೇಲೆ 2025ರಲ್ಲಿ ತಿದ್ದುಪಡಿ ಬಂತು. ಮಂಡಳಿ ಕೈಯಲ್ಲಿದ್ದ ಮೇಲ್ಮನವಿ ಸಮಿತಿ ನೇಮಕ ಕೇಂದ್ರ ಸರ್ಕಾರಕ್ಕೆ ಹೋಯ್ತು. ನಾನು ಗುಮಾಸ್ತ. ಫೈಲ್ ಯಾವ ಕಡೆ ತಿರುಗುತ್ತೆ ಅನ್ನೋದು ಸಹಿ ಹಾಕೋ ಕುರ್ಚಿ ಮೇಲೆ ನಿಂತಿರ್ತದ ಅಂತ ದಿನಾ ನೋಡ್ತೀನಿ.

ಇಲ್ಲಿ ನಮ್ಮ ಪಾಲು ಕೇಳಿದ್ರೆ, "ಇದು ತಜ್ಞರ ಕೆಲಸ, ಇಲ್ಲೂ ಮೀಸಲಾತಿನಾ?" ಅಂತಾರ. ವಾಡಾದ ಆಡಳಿತ ಮಂಡಳಿ ಹೆಂಗ ಕಟ್ಟಿದ್ರು ಗೊತ್ತೇನು? ಅರ್ಧ ಒಲಿಂಪಿಕ್ ಸಂಸ್ಥೆಗಳಿಗೆ, ಅರ್ಧ ಸರ್ಕಾರಗಳಿಗೆ. ಸರ್ಕಾರಗಳ ಸೀಟು ಮತ್ತೆ ಆಫ್ರಿಕಾ, ಅಮೆರಿಕ, ಏಷ್ಯಾ, ಯುರೋಪ್, ಓಷಿಯಾನಿಯ ಅಂತ ಖಂಡವಾರು ಹಂಚಿಕೆ. ಅದು ಪಾಲು ಅಲ್ಲದೆ ಮತ್ತೇನು? ತಮಗೆ ಬೇಕಾದಾಗ ಪ್ರಾತಿನಿಧ್ಯ, ನಾವು ಕೇಳಿದಾಗ ಮೆರಿಟ್!

ಈ ವಾದ ಹಳೇದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ಕಾರಿ ನೌಕರಿಯಲ್ಲಿ ಎಲ್ಲ ಸಮುದಾಯಗಳಿಗೂ ಪಾಲು ಸಿಗಲಿ ಅಂತ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದಾಗ ದಿವಾನ್ ವಿಶ್ವೇಶ್ವರಯ್ಯ ಒಪ್ಪಲಿಲ್ಲ, ದಕ್ಷತೆ ಹಾಳಾಗ್ತದ ಅಂದ್ರು. ಸಮಿತಿ ಪಾಲು ಕೊಡ್ರಿ ಅಂತನೇ ಹೇಳಿತು. ಆಗ ನಾವು ನಿಜಾಮನ ಸೀಮೆಯಾಗಿದ್ವಿ, ಅದರ ಲಾಭ ನಮಗಿರಲಿಲ್ಲ. ನಮ್ಮ ಸೀಮೆಗೆ ಪ್ರತ್ಯೇಕ ಪಾಲು ಬರಾಕ 2012ರ 98ನೇ ತಿದ್ದುಪಡಿ, 371(ಜೆ) ತನಕ ಕಾಯಬೇಕಾಯ್ತು.

ಹಂಗಾಗಿ ಕಾಯ್ಕೊಂಡು ಕೂರೋದು ಬ್ಯಾಡ. ಮಂಡಳಿಗೆ ಹೊಸಬರ ನೇಮಕ ಆಗುವಾಗೆಲ್ಲ ಮೂರು ಕೇಳೋಣ. ಒಂದು, ಯಾರನ್ನ, ಯಾವ ಅರ್ಹತೆ ಮೇಲೆ ಆರಿಸಿದ್ರು ಅನ್ನೋದು ಬಹಿರಂಗ ಆಗಲಿ. ಎರಡು, ಮೂವರಲ್ಲಿ ಒಬ್ಬರಾದ್ರೂ ದಲಿತ, ಆದಿವಾಸಿ ಅಥವಾ ಹಿಂದುಳಿದ ಸಮುದಾಯದಿಂದ ಬಂದ ಮಾಜಿ ಕ್ರೀಡಾಪಟು ಇರಲಿ, ಮಹಿಳೆಯಾದ್ರೆ ಇನ್ನೂ ಒಳ್ಳೇದು. ಮೂರು, ನಿಷೇಧಿತ ಮದ್ದಿನ ಪಟ್ಟಿ ಕನ್ನಡದಾಗ ತಾಲ್ಲೂಕು ಕ್ರೀಡಾಂಗಣದ ಗೋಡೆಗೆ ಬರಲಿ, ಸಿಕ್ಕಿಬಿದ್ದ ಬಡ ಕ್ರೀಡಾಪಟುವಿಗೆ ಉಚಿತ ವಕೀಲರು ಸಿಗಲಿ.

ನಿಮ್ಮೂರಿನ ಓಟದ ಹುಡುಗ್ರಿಗೆ ಇದನ್ನ ಓದಿ ಹೇಳ್ರಿ. ಜಿಮ್‌ನಾಗ ಯಾರಾದ್ರೂ ಪುಡಿ, ಇಂಜೆಕ್ಷನ್ ಕೊಟ್ರೆ ಮುಟ್ಟಬ್ಯಾಡ್ರಿ ಅನ್ನೋದನ್ನೂ ಹೇಳ್ರಿ.

ಜೈಭೀಮ್.