ಜರಿಯೆಳೆಯೊಳಗಿನ ತಂತಿ

ಎದೆಬಡಿತ ಅಳೆಯುವ ಅಂಗಿ, ಮೈಬಿಸಿ ಗುರುತಿಸುವ ಬನಿಯನ್ನುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಪ್ರಯೋಗಾಲಯದಿಂದ ಶುರುಮಾಡುತ್ತಾರೆ. ಅದು ಸೂರತ್ತಿನ ಜರಿ ಕೆಲಸದಿಂದ ಶುರುವಾಗಬೇಕು ಎನ್ನುವುದು ನನ್ನ ವಾದ. ವಿದ್ಯುತ್ತು ಹರಿಯಲು ಲೋಹ ಬೇಕು, ಆದರೆ ಬಟ್ಟೆ ಎಂದಮೇಲೆ ಬಳುಕಲೇಬೇಕು. ಇವೆರಡನ್ನೂ ಒಂದೇ ಎಳೆಯಲ್ಲಿ ಕೂಡಿಸುವ ಬಗೆಯನ್ನು ಜರಿಗಾರರು ಬಹು ಹಿಂದೆಯೇ ಕಂಡುಕೊಂಡಿದ್ದರು. ಚಿನ್ನದ ಲೇಪವಿದ್ದ ಬೆಳ್ಳಿಯನ್ನು ಕಂಬಚ್ಚಿನ ಕಿರಿದು ಕಿರಿದಾದ ತೂತುಗಳಲ್ಲಿ ಎಳೆದೆಳೆದು ಕೂದಲಿನಷ್ಟು ಸಣ್ಣ ತಂತಿ ಮಾಡುತ್ತಿದ್ದರು. ಅದನ್ನೇ ನೇಯಬಹುದಿತ್ತು, ಅವರು ಅಲ್ಲಿಗೆ ನಿಲ್ಲಲಿಲ್ಲ. ತಂತಿಯನ್ನು ಚಪ್ಪಟೆ ಮಾಡಿ, ಆ ಪಟ್ಟಿಯನ್ನು ರೇಷ್ಮೆ ನೂಲಿಗೆ ಸುತ್ತಿದರು. ಕಡಿಮೆ ಬೆಳ್ಳಿಯಲ್ಲಿ ಹೆಚ್ಚು ಮಿನುಗು ಸಿಗಲೆಂಬ ಲೆಕ್ಕಾಚಾರ ಅದರಲ್ಲಿತ್ತು, ನಿಜ. ಆದರೆ ಲೋಹವನ್ನು ಬಾಗಿಸಿದಾಗ ಅದರ ಹೊರಮೈ ಎಷ್ಟು ಹಿಗ್ಗುತ್ತದೆ ಎಂಬುದು ಅದರ ದಪ್ಪವನ್ನು ಅವಲಂಬಿಸಿದೆ. ದಪ್ಪ ಅರ್ಧವಾದರೆ ಅದೇ ಬಾಗಿನಲ್ಲಿ ಹಿಗ್ಗೂ ಅರ್ಧ. ಎಳೆತದ ಭಾರ ನಡುವಿನ ರೇಷ್ಮೆಗೆ, ಸುರುಳಿಗೆ ಬಾಗುವುದಷ್ಟೇ ಕೆಲಸ.

ಇದೇ ಕಟ್ಟಣೆ ಟೆಲಿಫೋನಿಗೂ ಬಂತು. ಹಳೆಯ ರಿಸೀವರುಗಳ ಬಳ್ಳಿಯಲ್ಲಿ ನೂಲಿಗೆ ಸುತ್ತಿದ ತೆಳು ತಾಮ್ರದ ಪಟ್ಟಿ ಇರುತ್ತಿತ್ತು, ಗಟ್ಟಿ ತಂತಿಯಾದರೆ ದಿನವೂ ಮಡಚಿ ಮಡಚಿ ಮುರಿಯುತ್ತದೆ. ಮುಂದೆ 1997ರಲ್ಲಿ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನ ರೆಹ್ಮಿ ಪೋಸ್ಟ್ ಮತ್ತು ಮ್ಯಾಗಿ ಆರ್ಥ್ ಒಗೆಯಬಹುದಾದ ಕಂಪ್ಯೂಟರ್ ಬಟ್ಟೆಯ ಬಗ್ಗೆ ಬರೆದಾಗ, ಅವರು ಆರಿಸಿಕೊಂಡದ್ದು ಆರ್ಗಾಂಜಾ ಎಂಬ ರೇಷ್ಮೆ ಬಟ್ಟೆ: ಹಾಸಿನಲ್ಲಿ ಬರಿ ರೇಷ್ಮೆ, ಹೊಕ್ಕಿನಲ್ಲಿ ತಾಮ್ರದ ಹಾಳೆ ಸುತ್ತಿದ ರೇಷ್ಮೆ. ಹೊಕ್ಕಿನ ಎಳೆಗಳು ಒಂದನ್ನೊಂದು ಮುಟ್ಟದ ಕಾರಣ ಪ್ರತಿ ಎಳೆಯೂ ಬೇರೆ ಬೇರೆ ತಂತಿಯಂತೆ ದುಡಿಯಿತು. ಇಂಥ ಬಟ್ಟೆಯನ್ನು ಭಾರತದಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ನೇಯುತ್ತಿದ್ದಾರೆ ಎಂದು ಅವರೇ ಹೇಳಿದ್ದಾರೆ.

ನಮ್ಮ ಪೂರ್ವಜರಿಗೆ ಎಲ್ಲವೂ ಗೊತ್ತಿತ್ತು ಎಂಬ ಜಂಬ ಇದಲ್ಲವೇ ಎಂದು ಯಾರಾದರೂ ಕೇಳಬಹುದು. ಜರಿಗಾರರಿಗೆ ವಿದ್ಯುತ್ತಿನ ಗೊಡವೆಯೇ ಇರಲಿಲ್ಲ. ನಾನು ಹೇಳುತ್ತಿರುವುದು ಅವರ ಕೈಗೆ ದಕ್ಕಿದ ರೂಪದ ಬಗ್ಗೆ ಮಾತ್ರ. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಜರಿ ಬಾಗುತ್ತದೆ, ಹಿಗ್ಗುವುದಿಲ್ಲ, ಮೊಣಕೈ ಮೇಲಿನ ಬಟ್ಟೆ ಹಿಗ್ಗಲೇಬೇಕು. ಇದು ಸರಿ. ಆದರೆ ಹಿಗ್ಗುವ ತಂತಿ ಹೇಗೆ ಬಂತು ನೋಡಿ. 2006ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ರೋಜರ್ಸ್ ತಂಡ, ಎಳೆದು ಹಿಡಿದ ರಬ್ಬರಿನ ಮೇಲೆ ಸಿಲಿಕಾನಿನ ಅತಿ ತೆಳು ಪಟ್ಟಿಗಳನ್ನು ಅಂಟಿಸಿ ರಬ್ಬರನ್ನು ಸಡಿಲ ಬಿಟ್ಟಿತು, ಪಟ್ಟಿಗಳು ಅಲೆಅಲೆಯಾದವು. ಮತ್ತೆ ಎಳೆದರೆ ಅಲೆ ಚಪ್ಪಟೆಯಾಗುತ್ತದೆ, ಗಾಜಿನಂತೆ ಬಿರುಸಾದ ಸಿಲಿಕಾನು ಒಡೆಯುವುದಿಲ್ಲ. ಇಲ್ಲೂ ತೆಳುಮಾಡುವುದೇ ಮೊದಲ ಕೆಲಸ, ಎಳೆತ ಇನ್ನೊಂದರ ಪಾಲು. ಇಂಗಾಲದ ನ್ಯಾನೋ ನಳಿಗೆ ಬೆರೆಸಿದ ರಬ್ಬರು, ದ್ರವರೂಪದ ಗ್ಯಾಲಿಯಂ ಮಿಶ್ರಲೋಹ ಈ ವಂಶಕ್ಕೆ ಸೇರಿದವಲ್ಲ. ಅವುಗಳ ಬಗ್ಗೆ ನನ್ನ ವಾದ ನಿಲ್ಲುವುದಿಲ್ಲ.

ಜರಿ ಸೋತ ಜಾಗವೂ ಒಂದಿದೆ. ಬೆವರು, ಗಾಳಿ ತಗುಲಿ ಬೆಳ್ಳಿ ಕಪ್ಪಾಗುತ್ತದೆ. ಬೆಳ್ಳಿ ಲೇಪಿಸಿದ ನೈಲಾನ್ ನೂಲಿನಲ್ಲಿ ಹೊಲಿದ ಇಂದಿನ ಉಡುಪುಗಳನ್ನು ಕಾಡುವುದೂ ಇದೇ ಬೆವರು, ಜೊತೆಗೆ ಒಗೆತ. ಮಾರುಕಟ್ಟೆಯ ಅಗ್ಗದ ಜರಿಯಾದರೋ ಲೋಹದ ಆವಿ ಹಿಡಿಸಿದ ಪಾಲಿಯೆಸ್ಟರ್ ಪಟ್ಟಿ. ಮಿನುಗು ಹಾಗೇ ಇದೆ, ಒಳಗಿನ ತಂತಿ ಮಾತ್ರ ಉಳಿದಿಲ್ಲ.