ಗುತ್ತಿಗೆ ಮತ್ತು ಕ್ರಯ ಕರಾರು

ಗುತ್ತಿಗೆ ಮತ್ತು ಕ್ರಯ ಕರಾರು (ರೂಢಿಯಲ್ಲಿ ಲೀಸ್ ಕಂ ಸೇಲ್ ಕರಾರು) ಎಂದರೆ ಸಾರ್ವಜನಿಕ ವಸತಿ ಸಂಸ್ಥೆಯು ನಿವೇಶನ ಅಥವಾ ಮನೆಯನ್ನು ಮೊದಲು ಗುತ್ತಿಗೆಗೆ ನೀಡಿ, ಅವಧಿ ಮುಗಿದ ಬಳಿಕ ಷರತ್ತುಗಳು ಪಾಲನೆಯಾಗಿದ್ದರೆ ಕ್ರಯಪತ್ರದ ಮೂಲಕ ಒಡೆತನವನ್ನು ವರ್ಗಾಯಿಸುವ ಒಪ್ಪಂದ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಹಾಗೂ ಕರ್ನಾಟಕ ಗೃಹ ಮಂಡಳಿಗಳು ಈ ಪದ್ಧತಿಯನ್ನು ಅನುಸರಿಸಿವೆ. ಕ್ರಯಪತ್ರ ನೋಂದಣಿಯಾಗುವವರೆಗೆ ಹಂಚಿಕೆದಾರರು ಕಾನೂನಿನ ದೃಷ್ಟಿಯಲ್ಲಿ ಗುತ್ತಿಗೆದಾರರಷ್ಟೇ. ವಿವಾದಗಳು ಹೆಚ್ಚಾಗಿ ಈ ನಡುವಿನ ಅವಧಿಯಿಂದಲೇ ಹುಟ್ಟುತ್ತವೆ.

ಹಿನ್ನೆಲೆ

1945ರ ಕಾಯಿದೆಯಂತೆ ರಚಿತವಾದ ಬೆಂಗಳೂರು ನಗರಾಭಿವೃದ್ಧಿ ಮಂಡಳಿಯು ಜಯನಗರದಂತಹ ಬಡಾವಣೆಗಳನ್ನು ನಿರ್ಮಿಸಿತು. 1976ರಲ್ಲಿ ಬಿಡಿಎ ಅದರ ಸ್ಥಾನಕ್ಕೆ ಬಂದಿತು. ಬೊಮ್ಮನಹಳ್ಳಿ ವಿಧಾನಸಭಾ ಕ್ಷೇತ್ರದ ಎಚ್.ಎಸ್.ಆರ್. ಬಡಾವಣೆ ಬಿಡಿಎ ರೂಪಿಸಿದ ಬಡಾವಣೆಗಳಲ್ಲೊಂದು. ಸುತ್ತಲಿನ ಖಾಸಗಿ ಕಂದಾಯ ಬಡಾವಣೆಗಳಿಗೆ ಈ ಕರಾರು ಅನ್ವಯಿಸುವುದಿಲ್ಲ.

ಷರತ್ತುಗಳು

ಬಿಡಿಎಯ 1984ರ ನಿವೇಶನ ಹಂಚಿಕೆ ನಿಯಮಗಳ ಪ್ರಕಾರ ಗುತ್ತಿಗೆಯ ಅವಧಿ 10 ವರ್ಷ. ಹಂಚಿಕೆದಾರರು ಪೂರ್ಣ ಬೆಲೆಯನ್ನು ಪಾವತಿಸಬೇಕು, ನಿಗದಿತ ಕಾಲದೊಳಗೆ ಮನೆ ಕಟ್ಟಬೇಕು, ಅವಧಿ ಮುಗಿಯುವ ಮುನ್ನ ನಿವೇಶನವನ್ನು ಪರಭಾರೆ ಮಾಡಬಾರದು. ಷರತ್ತು ಉಲ್ಲಂಘನೆಯಾದರೆ ಹಂಚಿಕೆಯನ್ನು ರದ್ದುಪಡಿಸಿ ನಿವೇಶನವನ್ನು ಮರಳಿ ಪಡೆಯುವ ಅಧಿಕಾರ ಪ್ರಾಧಿಕಾರಕ್ಕಿದೆ.

ವಿವಾದಗಳ ಬಗೆ

* ಜಿಪಿಎ ಮಾರಾಟ: ಗುತ್ತಿಗೆಯ ಅವಧಿಯಲ್ಲೇ ಸಾಮಾನ್ಯ ಅಧಿಕಾರಪತ್ರದ ಮೂಲಕ ಹಣ ಪಡೆದು ಸ್ವಾಧೀನವನ್ನು ಬಿಟ್ಟುಕೊಡುವುದು. ಮುಂದೆ ಮೂಲ ಹಂಚಿಕೆದಾರರಾಗಲಿ ಅವರ ವಾರಸುದಾರರಾಗಲಿ ಕ್ರಯಪತ್ರವನ್ನು ತಮ್ಮ ಹೆಸರಿಗೆ ಪಡೆದರೆ, ಹಣ ಕೊಟ್ಟು ವಾಸವಿರುವ ಕುಟುಂಬ ಮನೆ ಕಳೆದುಕೊಳ್ಳುವ ಅಪಾಯವಿದೆ.
* ವಾರಸುದಾರಿಕೆ: ಕ್ರಯಪತ್ರಕ್ಕೆ ಮೊದಲೇ ಹಂಚಿಕೆದಾರರು ಮರಣ ಹೊಂದಿದಾಗ ಮಕ್ಕಳ ನಡುವೆ ಏಳುವ ತಕರಾರು.
* ಸಂಸ್ಥೆಯ ವಿಳಂಬ: ಪೂರ್ಣ ಬೆಲೆ ಪಡೆದೂ ಸ್ವಾಧೀನ ಅಥವಾ ಕ್ರಯಪತ್ರ ನೀಡದಿರುವುದು.
* ಹಂಚಿಕೆ ರದ್ದತಿ ಮತ್ತು ಬೆಲೆ ಅಥವಾ ದಂಡದ ಲೆಕ್ಕದ ಕುರಿತ ತಕರಾರು.

ಖಾತೆಯು ಮುಖ್ಯವಾಗಿ ತೆರಿಗೆಗೆ ಸಂಬಂಧಿಸಿದ ದಾಖಲೆ. ಹೆಸರಿಗೆ ಖಾತೆಯಾದ ಮಾತ್ರಕ್ಕೆ ಒಡೆತನ ಸಿದ್ಧಿಸುವುದಿಲ್ಲ.

ಪರಿಹಾರ ಮಾರ್ಗಗಳು

ಮೊದಲ ಹಂತದಲ್ಲಿ ಹಂಚಿಕೆ ಪತ್ರ, ಹಣ ಪಾವತಿಯ ರಸೀದಿ ಹಾಗೂ ಸ್ವಾಧೀನ ಪತ್ರಗಳೊಂದಿಗೆ ಪ್ರಾಧಿಕಾರಕ್ಕೇ ಲಿಖಿತ ಅರ್ಜಿ ಸಲ್ಲಿಸಲಾಗುತ್ತದೆ. ಅಲ್ಲಿ ಬಗೆಹರಿಯದಿದ್ದರೆ ಮುಂದಿನ ದಾರಿ ವಿವಾದದ ಸ್ವರೂಪವನ್ನು ಅವಲಂಬಿಸುತ್ತದೆ.

ಸೇವಾ ನ್ಯೂನತೆ ಮತ್ತು ವಿಳಂಬಕ್ಕೆ ಗ್ರಾಹಕರ ಆಯೋಗದ ಮೊರೆ ಹೋಗಬಹುದು. ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ (1993) ಸರ್ವೋಚ್ಚ ನ್ಯಾಯಾಲಯವು ಇಂತಹ ಸಂಸ್ಥೆಗಳ ವಸತಿ ಸೇವೆಯೂ ಗ್ರಾಹಕ ಕಾಯಿದೆಗೆ ಒಳಪಡುತ್ತದೆ ಎಂದು ತೀರ್ಪಿತ್ತಿತು. ಬಿಡಿಎ ಮತ್ತು ಸಿಂಡಿಕೇಟ್ ಬ್ಯಾಂಕ್ ನಡುವಣ ಪ್ರಕರಣದಲ್ಲಿ (2007), ಹಣ ಪಡೆದ ಸಂಸ್ಥೆ ಸ್ವಾಧೀನ ನೀಡದಿದ್ದಾಗ ಬಡ್ಡಿ ಮತ್ತು ಪರಿಹಾರವನ್ನು ನಿರ್ಧರಿಸುವ ತತ್ತ್ವಗಳನ್ನು ಅದೇ ನ್ಯಾಯಾಲಯ ವಿವರಿಸಿತು. ಹರಾಜಿನಲ್ಲಿ ಇದ್ದ ಸ್ಥಿತಿಯಲ್ಲೇ ಕೊಂಡ ನಿವೇಶನಗಳಿಗೆ ಈ ರಕ್ಷಣೆ ಸಾಮಾನ್ಯವಾಗಿ ದೊರೆಯುವುದಿಲ್ಲ. ದೂರನ್ನು 2 ವರ್ಷಗಳೊಳಗೆ ಸಲ್ಲಿಸಬೇಕು.

ಅಕ್ರಮ ರದ್ದತಿಯನ್ನು ಸಂವಿಧಾನದ 226ನೇ ವಿಧಿಯಡಿ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಒಡೆತನ ಹಾಗೂ ವಾರಸುದಾರಿಕೆಯ ತಕರಾರುಗಳು ಸಿವಿಲ್ ನ್ಯಾಯಾಲಯಕ್ಕೆ ಸೇರಿದವು; ಪಕ್ಷಗಾರರು ಒಪ್ಪಿದರೆ ಲೋಕ ಅದಾಲತ್‌ನಲ್ಲಿ ರಾಜಿಯಾಗಬಹುದು.

ಜಿಪಿಎ ಮಾರಾಟದಿಂದ ಒಡೆತನ ವರ್ಗಾವಣೆಯಾಗದು ಎಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ (2011) ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಆದರೆ ನೈಜ ವ್ಯವಹಾರಗಳ ಆಧಾರದಲ್ಲಿ ಕರಾರಿನ ನಿರ್ದಿಷ್ಟ ಪಾಲನೆಯನ್ನು ಕೋರಲು, ಅಥವಾ ಪ್ರಾಧಿಕಾರದಲ್ಲಿ ಸಕ್ರಮಕ್ಕೆ ಅರ್ಜಿ ಹಾಕಲು ಅದು ಅವಕಾಶ ಉಳಿಸಿತು.

ಇತರ ದೇಶಗಳಲ್ಲಿ

ಇಂಗ್ಲೆಂಡಿನಲ್ಲಿ 1980ರ ವಸತಿ ಕಾಯಿದೆಯು ಸ್ಥಳೀಯ ಆಡಳಿತದ ಮನೆಗಳ ಬಾಡಿಗೆದಾರರಿಗೆ ಆ ಮನೆಯನ್ನು ರಿಯಾಯಿತಿ ದರದಲ್ಲಿ ಕೊಳ್ಳುವ ಹಕ್ಕು ನೀಡಿತು. ಅಲ್ಲಿ ಆಡಳಿತ ನಿಗದಿಪಡಿಸಿದ ಬೆಲೆ ಒಪ್ಪಿಗೆಯಾಗದಿದ್ದರೆ, ಬಾಡಿಗೆದಾರರು ಜಿಲ್ಲಾ ಮೌಲ್ಯಮಾಪಕರಿಂದ ಬೆಲೆ ನಿರ್ಧಾರವನ್ನು ಕೋರಬಹುದು.