ಮಗ್ಗವೂ ಮನುಷ್ಯನೂ

ಯಂತ್ರವನ್ನು ಬದಲಾಯಿಸುವುದು ಸುಲಭ, ಹಣವಿದ್ದರೆ ಸಾಕು. ಹಳೆಯದನ್ನು ಕಳಚಿ, ಹೊಸದನ್ನು ನೆಲಕ್ಕೆ ಬಿಗಿದರೆ ಆ ಕೆಲಸ ಮುಗಿಯಿತು. ಆದರೆ ಹಳೆಯ ಯಂತ್ರದ ಸುತ್ತ ವರ್ಷಾನುಗಟ್ಟಲೆ ದುಡಿದ ಜನರ ಪರಸ್ಪರ ಸಂಬಂಧಗಳನ್ನು ಹಾಗೆ ಕಳಚಿ ಜೋಡಿಸಲು ಬರುವುದಿಲ್ಲ. ಕೆಲಸಗಾರರನ್ನು ನಡೆಸುವ ವಿದ್ಯೆಗೆ ಇಂದು ದೊಡ್ಡ ದೊಡ್ಡ ಶಾಲೆಗಳಿವೆ, ರಾಶಿ ರಾಶಿ ಗ್ರಂಥಗಳಿವೆ. ಅದೆಲ್ಲವೂ ಪಶ್ಚಿಮದಿಂದ ಬಂದ ಸರಕೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ಪೂರ್ತಿ ನಿಜವಲ್ಲ. ಆ ವಿದ್ಯೆಯ ಎರಡು ಹಿರಿಯ ಪಾಠಗಳು ನಮ್ಮ ದೇಶದ ಒಂದೇ ಊರಿನಲ್ಲಿ, ಬಟ್ಟೆಯ ಗಿರಣಿಗಳಲ್ಲಿ, ಮೂವತ್ತೈದು ವರ್ಷಗಳ ಅಂತರದಲ್ಲಿ ದೊರೆತವು. ಆ ಊರು ಅಹಮದಾಬಾದು. ಆ ಎರಡು ಪ್ರಸಂಗಗಳನ್ನು ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ.

1917ರಲ್ಲಿ ಅಹಮದಾಬಾದಿಗೆ ಪ್ಲೇಗು ಬಂದಿತು. ಊರು ಬಿಟ್ಟು ಹೊರಟ ಕೆಲಸಗಾರರನ್ನು ತಡೆದು ನಿಲ್ಲಿಸಲು ಮಾಲೀಕರು ಕೂಲಿಯ ಮೇಲೆ ಪ್ಲೇಗು ಭತ್ಯೆಯನ್ನು ಕೊಟ್ಟರು. ಕೆಲವು ಕಡೆ ಅದು ಕೂಲಿಯ ಶೇಕಡಾ 70ರಷ್ಟಿತ್ತು. ಪ್ಲೇಗು ಹೋಯಿತು, ಭತ್ಯೆಯೂ ಹೋಯಿತು. ಮಹಾಯುದ್ಧದಿಂದ ಏರಿದ ಬೆಲೆಗಳು ಮಾತ್ರ ಇಳಿಯಲಿಲ್ಲ. ನೇಕಾರರು ಶೇಕಡಾ 50ರ ಏರಿಕೆ ಕೇಳಿದರು. ಮಾಲೀಕರು 20ನ್ನು ದಾಟಲೊಲ್ಲರು. ಲೆಕ್ಕಗಳನ್ನು ನೋಡಿ ಗಾಂಧೀಜಿ 35 ನ್ಯಾಯವೆಂದರು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ; ಕೆಲಸಗಾರರ ಪಕ್ಕದಲ್ಲಿ ನಿಂತವರು ಅವರ ಒಡಹುಟ್ಟಿದ ಅಕ್ಕ ಅನಸೂಯಾ ಸಾರಾಭಾಯಿ.

1918ರ ಫೆಬ್ರವರಿ 22ರಂದು ಗಿರಣಿಗಳ ಬಾಗಿಲು ಮುಚ್ಚಿತು. ಸಾಬರಮತಿಯ ದಂಡೆಯ ಜಾಲಿಯ ಮರದಡಿಯಲ್ಲಿ ದಿನವೂ ಸಭೆ. ಹಸಿವಿನಿಂದ ಜನರ ಪ್ರತಿಜ್ಞೆ ಸಡಿಲವಾಗತೊಡಗಿದಾಗ ಗಾಂಧೀಜಿ ಉಪವಾಸ ಹೂಡಿದರು. ಮಾಲೀಕರು ಗೆಳೆಯರಾಗಿದ್ದುದರಿಂದ ಆ ಉಪವಾಸ ಅವರ ಮೇಲೆ ಒತ್ತಡವಾಯಿತೆಂದೂ, ಅದು ನಿರ್ದೋಷವಾಗಿರಲಿಲ್ಲವೆಂದೂ ಮುಂದೆ ತಮ್ಮ ಆತ್ಮಕಥೆಯಲ್ಲಿ ಅವರೇ ಒಪ್ಪಿಕೊಂಡರು. ಮಾರ್ಚ್ 18ರಂದು ರಾಜಿಯಾಯಿತು. ಮೊದಲ ದಿನ 35, ಎರಡನೆಯ ದಿನ 20, ಮೂರನೆಯ ದಿನದಿಂದ ಪಂಚಾಯಿತಿಯ ತೀರ್ಪು ಬರುವವರೆಗೆ ಇಪ್ಪತ್ತೇಳೂವರೆ! ಕೇಳಲು ವಿನೋದವೆನಿಸುವ ಲೆಕ್ಕವಿದು. ಆದರೆ ಇದರಲ್ಲಿ ಕೆಲಸಗಾರರ ಪ್ರತಿಜ್ಞೆಯೂ ಉಳಿಯಿತು, ಮಾಲೀಕರ ಮಾತೂ ಉಳಿಯಿತು. ಯಾರೂ ತಲೆ ತಗ್ಗಿಸಿ ಬಾಗಿಲೊಳಗೆ ಕಾಲಿಡಬೇಕಾಗಲಿಲ್ಲ. ಪಂಚರಾದ ಆನಂದಶಂಕರ ಧ್ರುವರು ಕಡೆಗೆ 35ನ್ನೇ ಎತ್ತಿಹಿಡಿದರು. 1920ರಲ್ಲಿ ಅಲ್ಲಿ ಮಜೂರ್ ಮಹಾಜನ ಸಂಘ ಹುಟ್ಟಿತು. ಜಗಳವನ್ನು ಮೂರನೆಯವರ ಮುಂದಿಟ್ಟು ಬಗೆಹರಿಸಿಕೊಳ್ಳುವುದು ಆ ಊರಿನ ರೂಢಿಯಾಯಿತು.

ಇದು ಕೂಲಿಯ ಪ್ರಶ್ನೆಯಾಯಿತು. ಕೆಲಸದ ಪ್ರಶ್ನೆ ಇನ್ನೂ ಉಳಿದಿತ್ತು. ಅದು ಎದ್ದುಬಂದದ್ದು ಅದೇ ಸಾರಾಭಾಯಿ ಮನೆತನದ ಕ್ಯಾಲಿಕೋ ಸಂಸ್ಥೆಯಲ್ಲಿ, ಸ್ವಯಂಚಾಲಿತ ಮಗ್ಗಗಳು ಬಂದಾಗ. ಹೊಸ ಮಗ್ಗಗಳನ್ನು ಹೂಡಿದ್ದಾಯಿತು. ಆದರೆ ನೇಯ್ಗೆ ಎಣಿಸಿದಷ್ಟು ಏರಲಿಲ್ಲ, ಕೆಟ್ಟ ಬಟ್ಟೆಯ ಪ್ರಮಾಣ ಇಳಿಯಲಿಲ್ಲ. ಅಂಬಾಲಾಲರ ಮಗ ಗೌತಮ ಸಾರಾಭಾಯಿಯವರು ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅವರನ್ನು ಕರೆಸಿದರು. 1953ರಲ್ಲಿ ರೈಸ್ ಮಗ್ಗದ ಶೆಡ್ಡಿನಲ್ಲಿ ನಿಂತು ನೋಡಿದರು.

ಅವರು ಕಂಡದ್ದು ಇದು. ಎಂಜಿನಿಯರುಗಳು ಗಡಿಯಾರ ಹಿಡಿದು ಅಳೆದು, ನೇಯ್ಗೆಯನ್ನು ಹನ್ನೆರಡು ಬಗೆಯ ಕೆಲಸಗಳಾಗಿ ಒಡೆದಿದ್ದರು. ಕಡಿದ ಎಳೆಯನ್ನು ಕೂಡಿಸುವವನು ಒಬ್ಬ, ಕಂಡಿಕೆ ತುಂಬುವವನು ಇನ್ನೊಬ್ಬ, ಹಾಸಿನ ಎಳೆಗಳು ಒಟ್ಟಿಗೆ ಹರಿದಾಗ ಸರಿಪಡಿಸುವವನು ಮತ್ತೊಬ್ಬ; ಎಣ್ಣೆ ಹಾಕುವವನು, ಗುಡಿಸುವವನು, ಮೇಸ್ತ್ರಿ, ಹೀಗೆ. ಎಂಟು ಜನ ನೇಕಾರರಿಗೆ ಕಂಡಿಕೆ ತುಂಬುವವರು ಐದು ಜನ, ಹರಿದ ಹಾಸನ್ನು ಸರಿಪಡಿಸುವವರು ಮೂವರು. ಎಂದರೆ ಒಬ್ಬ ನೇಕಾರನ ಪಾಲಿಗೆ ಬರುವುದು ಒಬ್ಬನ ಎಂಟರಲ್ಲಿ ಐದು ಪಾಲು, ಇನ್ನೊಬ್ಬನ ಎಂಟರಲ್ಲಿ ಮೂರು ಪಾಲು! ಕಾಗದದ ಮೇಲೆ ಲೆಕ್ಕ ತಪ್ಪಿಲ್ಲ. ಆದರೆ ಮನುಷ್ಯನನ್ನು ಭಿನ್ನರಾಶಿಯಾಗಿ ಹಂಚಿದರೆ ಯಾರು ಯಾರಿಗೆ ಸೇರಿದವರು? ಎಳೆಗಳು ಹೆಚ್ಚಾಗಿ ಕಡಿಯತೊಡಗಿದ ದಿನ ಯಾರು ಯಾರ ನೆರವಿಗೆ ಓಡಬೇಕು? ಒಬ್ಬೊಬ್ಬನೂ ತನ್ನ ತುಣುಕನ್ನು ಸರಿಯಾಗಿಯೇ ಮಾಡುತ್ತಿದ್ದ. ಬಟ್ಟೆ ಮಾತ್ರ ಕೆಡುತ್ತಿತ್ತು.

ನಾನು ಗುಳೇದಗುಡ್ಡದ ನೇಕಾರರ ಓಣಿಗಳಲ್ಲಿ ಓಡಾಡಿದಾಗ ಈ ಸಂಗತಿ ನೆನಪಿಗೆ ಬಂದದ್ದುಂಟು. ಮನೆಯ ಗಂಡಸು ಕುಣಿಮಗ್ಗದಲ್ಲಿ ಕುಳಿತಿದ್ದರೆ ಹೆಂಡತಿ ಕಂಡಿಕೆ ಸುತ್ತಿಕೊಡುತ್ತಾಳೆ, ಮುದುಕರು ನೂಲು ಬಿಡಿಸುತ್ತಾರೆ. ಅಲ್ಲಿಯೂ ಕೆಲಸ ಹಂಚಿಹೋಗಿದೆ, ಆದರೆ ಜನ ಹಂಚಿಹೋಗಿಲ್ಲ. ಖಣ ಕೆಟ್ಟರೆ ಕೆಟ್ಟದ್ದು ಎಲ್ಲರದು.

ರೈಸ್ ಮುಂದಿಟ್ಟ ಸಲಹೆ ಸರಳವಾಗಿತ್ತು: ಒಂದಷ್ಟು ಮಗ್ಗಗಳಿಗೆ ಒಂದು ತಂಡ, 64 ಮಗ್ಗಗಳಿಗೆ ಏಳು ಜನ. ಆಶ್ಚರ್ಯವೆಂದರೆ ಅದನ್ನು ಕಾರ್ಯಕ್ಕೆ ತಂದವರು ಮೇಲಿನವರಲ್ಲ. ಮಾತು ಕಿವಿಗೆ ಬಿದ್ದ ಕೂಡಲೇ ಕೆಲಸಗಾರರು ತಾವೇ ಒಬ್ಬರನ್ನೊಬ್ಬರು ಆರಿಸಿಕೊಂಡು ತಂಡಗಳನ್ನು ಕಟ್ಟಿದರು. ಮೊದಮೊದಲು ಏರುಪೇರುಗಳಾದವು. ಆಮೇಲೆ ಮಗ್ಗಗಳ ಕಾರ್ಯಕ್ಷಮತೆ ಶೇಕಡಾ 80ರ ಆಸುಪಾಸಿನಿಂದ 95ಕ್ಕೆ ಏರಿತು. ಕೆಟ್ಟ ಬಟ್ಟೆ 32ರಿಂದ 20ಕ್ಕೆ ಇಳಿಯಿತು. ಮಗ್ಗಗಳು ಅವೇ, ಕೈಗಳೂ ಅವೇ. ಬದಲಾದದ್ದು ಕೈಗಳ ನಡುವಿನ ನಂಟು. 1958ರಲ್ಲಿ ರೈಸ್ ಇದನ್ನು ಗ್ರಂಥವಾಗಿ ಪ್ರಕಟಿಸಿದರು.

ಹಾಗಾದರೆ ತಂಡ ಕಟ್ಟಿದರೆ ಸಾಕು, ಎಲ್ಲವೂ ನೆಟ್ಟಗಾಗುತ್ತದೆ ಎನ್ನಬಹುದೇ? ಆತುರ ಬೇಡ. 1970ರಲ್ಲಿ ಅದೇ ಟ್ಯಾವಿಸ್ಟಾಕಿನ ಎರಿಕ್ ಮಿಲ್ಲರ್ ಆ ಶೆಡ್ಡುಗಳನ್ನು ಮತ್ತೆ ನೋಡಿದರು. ಒಂದೆಡೆ ತಂಡದ ಪದ್ಧತಿ ಹದಿನೇಳು ವರ್ಷಗಳ ಅನಂತರವೂ ಗಟ್ಟಿಯಾಗಿ ನಿಂತಿತ್ತು; ಬೇರೆಡೆಗಳಲ್ಲಿ ಅದು ಸವೆದುಹೋಗಿತ್ತು. ಹೊರಗಿನ ಪೇಟೆಯ ಒತ್ತಡ ಹೆಚ್ಚಾದಲ್ಲಿ ಮೇಲ್ವಿಚಾರಕರು ತಂಡದೊಳಕ್ಕೆ ಕೈ ಹಾಕಿದ್ದರು. ನನಗೆ ಈ ಎರಡನೆಯ ವರದಿ ಮೊದಲನೆಯದಕ್ಕಿಂತ ಬೆಲೆಯುಳ್ಳದ್ದಾಗಿ ತೋರುತ್ತದೆ. ತಂಡ ತನ್ನನ್ನು ತಾನು ನಡೆಸಿಕೊಳ್ಳುವಾಗ ಮೇಲಿನವನಿಗೆ ಕೆಲಸವಿಲ್ಲವೆಂದಲ್ಲ; ಅವನ ಕೆಲಸ ಬೇರೆಯಾಗುತ್ತದೆ. ಹೊಲದೊಳಗೆ ನಿಂತು ಒಂದೊಂದು ಪೈರನ್ನೂ ಎಳೆದು ನೋಡುವುದಲ್ಲ, ಬೇಲಿಯನ್ನು ಕಾಯುವುದು. ನೂಲು ವೇಳೆಗೆ ಬಂದಿತೇ, ಪೇಟೆಯ ಅವಸರ ಒಳನುಗ್ಗಿ ತಂಡವನ್ನು ಒಡೆಯುತ್ತಿದೆಯೇ ಎಂದು ನೋಡುವುದು. ಅಧಿಕಾರವುಳ್ಳವನಿಗೆ ಇದಕ್ಕಿಂತ ಕಠಿಣವಾದ ಸಂಯಮ ಇನ್ನೊಂದಿಲ್ಲ.

ಇನ್ನೊಂದು ಮಾತನ್ನು ಮರೆಯಬಾರದು. ಸ್ವಯಂಚಾಲಿತ ಮಗ್ಗವೆಂದರೆ ಹೆಚ್ಚು ಮಗ್ಗಗಳಿಗೆ ಕಡಿಮೆ ಕೈಗಳು. ಗಳಿಕೆಯಲ್ಲಿ ಯಾರಿಗೆಷ್ಟು ಎಂಬ 1918ರ ಪ್ರಶ್ನೆಯನ್ನು ಬಿಟ್ಟು 1953ರ ಪಾಠವನ್ನಷ್ಟೇ ಕಲಿತರೆ ಅದು ಕೆಲಸಗಾರನಿಂದ ಇನ್ನಷ್ಟು ಹಿಂಡುವ ಉಪಾಯವಾದೀತು. ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಹಿಡಿದರೆ ಕೂಲಿ ಏರಿಯೂ ಮನಸ್ಸು ಬರಡಾದೀತು.

ಅಹಮದಾಬಾದಿನ ಆ ಹಳೆಯ ಗಿರಣಿಗಳಲ್ಲಿ ಬಹುಪಾಲು ಕಳೆದ ಶತಮಾನದ ಕೊನೆಯ ವೇಳೆಗೆ ಮುಚ್ಚಿಹೋದವು. ಆದರೆ ಭಿನ್ನರಾಶಿಯ ಲೆಕ್ಕ ಮುಚ್ಚಿಲ್ಲ. ಇಂದು ಬೆಂಗಳೂರಿನ ಕಚೇರಿಗಳಲ್ಲಿ ಒಬ್ಬ ಎಂಜಿನಿಯರನನ್ನು ಒಂದು ಯೋಜನೆಗೆ ಅರ್ಧ, ಇನ್ನೊಂದಕ್ಕೆ ಕಾಲು, ಮತ್ತೊಂದಕ್ಕೆ ಉಳಿದ ಕಾಲು ಎಂದು ಹಂಚುವುದುಂಟು. ಮನೆಯಲ್ಲಿ ಕುಳಿತು ದುಡಿಯುವವರಿಗೆ ಜೊತೆಯವರು ಪರದೆಯ ಮೇಲಿನ ಚೌಕಗಳು. ಮೊಬೈಲಿನ ಅಪ್ಪಣೆಯಂತೆ ಊಟದ ಪೊಟ್ಟಣ ಹೊತ್ತು ಮಳೆಯಲ್ಲಿ ಓಡುವ ಹುಡುಗನಿಗೆ ಎದುರು ನಿಂತು ಕೇಳಲು ಮಾಲೀಕನ ಮುಖವೇ ಇಲ್ಲ. ಸೇರಲು ಜಾಲಿಯ ಮರದ ನೆರಳೂ ಇಲ್ಲ.

ಇವರನ್ನು ನಡೆಸುವವರು ಹೊಸ ಸೂತ್ರಗಳನ್ನು ಹುಡುಕಲಿ, ಬೇಡವೆನ್ನುವುದಿಲ್ಲ. ಅದಕ್ಕೆ ಮುನ್ನ ಎರಡು ಹಳೆಯ ಪ್ರಶ್ನೆಗಳನ್ನು ತಮಗೆ ತಾವೇ ಹಾಕಿಕೊಳ್ಳಲಿ: ಇವನ ಮಾತನ್ನು ಕೇಳಿ ತೀರ್ಪು ಕೊಡುವವರು ಯಾರಾದರೂ ಇದ್ದಾರೆಯೇ? ಇವನ ಎಳೆ ಕಡಿದಾಗ ಪಕ್ಕದಿಂದ ಒಂದು ಕೈ ಚಾಚುತ್ತದೆಯೇ?